ಜಾಗಕ್ಕೆ ಅನುಮತಿಯೋ, ಮಾತಿಗೆ ಅನುಮತಿಯೋ? ವಿವಿ ಉಪನ್ಯಾಸಗಳ ಸುತ್ತಲಿನ ಗೊಂದಲ

2025ರ ಅಕ್ಟೋಬರ್ ಕೊನೆಯ ವಾರದಲ್ಲಿ ಎರಡು ಸುದ್ದಿಗಳು ಬಂದವು. ಒಂದು ಧಾರವಾಡದ್ದು. ಸರ್ಕಾರಿ ಜಾಗಗಳಲ್ಲಿ ಖಾಸಗಿ ಸಂಘ ಸಂಸ್ಥೆಗಳು ಕಾರ್ಯಕ್ರಮ ನಡೆಸಬೇಕಾದರೆ ಮೊದಲೇ ಅನುಮತಿ ಪಡೆಯಬೇಕು ಎಂಬ ರಾಜ್ಯ ಸರ್ಕಾರದ ಆದೇಶಕ್ಕೆ ಹೈಕೋರ್ಟಿನ ಧಾರವಾಡ ಪೀಠ ಮಧ್ಯಂತರ ತಡೆ ಕೊಟ್ಟಿತು. ಇನ್ನೊಂದು ದೆಹಲಿಯದ್ದು. ದೆಹಲಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದಲ್ಲಿ ದಶಕಗಳಿಂದ ನಡೆದುಬಂದ ಶುಕ್ರವಾರದ ಉಪನ್ಯಾಸ ಸರಣಿಯಲ್ಲಿ ಭೂಮಿ, ಆಸ್ತಿ ಮತ್ತು ಪ್ರಜಾಸತ್ತಾತ್ಮಕ ಹಕ್ಕುಗಳ ಬಗ್ಗೆ ಒಂದು ಉಪನ್ಯಾಸ ಇತ್ತು. ಅನುಮತಿಯ ಪ್ರಶ್ನೆ ಎದ್ದು ಅದು ಕೊನೆಗಳಿಗೆಯಲ್ಲಿ ರದ್ದಾಯಿತು. ಸರಣಿಯ ಸಂಚಾಲಕಿಯಾಗಿದ್ದ ಪ್ರೊ. ನಂದಿನಿ ಸುಂದರ್ ಆ ಹೊಣೆಯಿಂದ ಹೊರಬಂದರು.

ಈ ಎರಡು ಸುದ್ದಿಗಳನ್ನು ಜೊತೆಗಿಟ್ಟು ಓದಿದವರಿಗೆ ಗೊಂದಲವಾಗಿದ್ದು ಸಹಜ. ಒಂದು ಕಡೆ ಅನುಮತಿ ಬೇಕು ಅನ್ನುವವರು ಕಾಂಗ್ರೆಸ್ ಸರ್ಕಾರದವರು. ಇನ್ನೊಂದು ಕಡೆ ಕೇಂದ್ರೀಯ ವಿಶ್ವವಿದ್ಯಾಲಯ. ಒಂದು ಕಡೆ ಅನುಮತಿಯ ನಿಯಮವನ್ನು ವಿರೋಧಿಸಿದವರೇ ಇನ್ನೊಂದು ಕಡೆ ಅದನ್ನು ಸಮರ್ಥಿಸಿದರು. ಹಾಗಾದರೆ ಒಂದು ವಿಶ್ವವಿದ್ಯಾಲಯದ ಅಂಗಳದಲ್ಲಿ ಉಪನ್ಯಾಸ, ನಾಟಕ, ಸಂಗೀತ ಕಛೇರಿ ನಡೆಸಲು ಯಾರ ಒಪ್ಪಿಗೆ ಬೇಕು? ಯಾವುದಕ್ಕೆ ಬೇಕು? ಪಕ್ಷಗಳ ಜಗಳವನ್ನು ಸ್ವಲ್ಪ ಬದಿಗಿಟ್ಟು ನೋಡಿದರೆ ಇದು ಅಷ್ಟು ಕಷ್ಟದ ಪ್ರಶ್ನೆ ಅಲ್ಲ. ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಅರ್ಜಿಯಲ್ಲಿ ಕೇಳುತ್ತಿರುವುದರಿಂದ ಇಷ್ಟೆಲ್ಲ ತೊಡಕಾಗಿದೆ.

ರಾಜ್ಯದ ಆದೇಶ ಮತ್ತು ಕೋರ್ಟಿನ ತಡೆ

ಮೊದಲು ನಮ್ಮ ರಾಜ್ಯದ್ದು ನೋಡೋಣ. 2025ರ ಅಕ್ಟೋಬರ್ ಮೊದಲ ವಾರದಲ್ಲಿ ಸಚಿವ ಪ್ರಿಯಾಂಕ್ ಖರ್ಗೆ ಅವರು ಮುಖ್ಯಮಂತ್ರಿಗೆ ಪತ್ರ ಬರೆದರು. ಸರ್ಕಾರಿ ಶಾಲೆ, ಕಾಲೇಜು, ಮೈದಾನಗಳಲ್ಲಿ ಆರ್‌ಎಸ್‌ಎಸ್ ಚಟುವಟಿಕೆಗೆ ಅವಕಾಶ ಕೊಡಬಾರದು ಎಂಬುದು ಪತ್ರದ ಒತ್ತಾಯ. ಸಚಿವ ಸಂಪುಟ ಚರ್ಚೆ ಮಾಡಿತು. ಅಕ್ಟೋಬರ್ 18ರಂದು ಆದೇಶ ಬಂತು. ಅದು ಯಾವುದೇ ಒಂದು ಸಂಘಟನೆಯ ಹೆಸರು ಹೇಳಲಿಲ್ಲ. ಎಲ್ಲ ಖಾಸಗಿ ಸಂಘ ಸಂಸ್ಥೆಗಳಿಗೂ ಅನ್ವಯ ಎಂದಿತು. ಜಗದೀಶ ಶೆಟ್ಟರ್ ಮುಖ್ಯಮಂತ್ರಿಯಾಗಿದ್ದಾಗ, 2013ರಲ್ಲಿ, ಶಾಲೆಯ ಆವರಣ ಮತ್ತು ಮೈದಾನವನ್ನು ಶಿಕ್ಷಣದ ಕೆಲಸಕ್ಕೆ ಮಾತ್ರ ಬಳಸಬೇಕು ಎಂಬ ಸುತ್ತೋಲೆ ಹೊರಟಿತ್ತು. ಅದನ್ನು ಸರ್ಕಾರ ಮುಂದಿಟ್ಟಿತು.

ಅಕ್ಟೋಬರ್ 28ರಂದು ಏಕಸದಸ್ಯ ಪೀಠ ಇದಕ್ಕೆ ತಡೆ ಕೊಟ್ಟಿತು. ಆದೇಶದ ಪ್ರಕಾರ ಪಾರ್ಕಿನಲ್ಲಿ ಹತ್ತಕ್ಕಿಂತ ಜಾಸ್ತಿ ಜನ ಅನುಮತಿ ಇಲ್ಲದೆ ಸೇರಿದರೂ ಅದು ಕಾನೂನುಬಾಹಿರ ಕೂಟವಾಗುತ್ತದೆ ಎಂಬುದು ಅರ್ಜಿದಾರರ ವಾದವಾಗಿತ್ತು. ನವೆಂಬರ್ 6ರಂದು ಸರ್ಕಾರದ ಮೇಲ್ಮನವಿಯನ್ನು ವಿಭಾಗೀಯ ಪೀಠವೂ ವಜಾ ಮಾಡಿತು.

ಇಲ್ಲಿರುವ ಕಾನೂನಿನ ತಿರುಳು ಸರಳ. ಸಂವಿಧಾನದ 19ನೇ ವಿಧಿ ಮಾತಿನ ಹಕ್ಕನ್ನೂ ಶಾಂತವಾಗಿ ಸಭೆ ಸೇರುವ ಹಕ್ಕನ್ನೂ ಕೊಡುತ್ತದೆ. ಅದಕ್ಕೆ ಮಿತಿ ಹಾಕಬಹುದು. ಆದರೆ ಆ ಮಿತಿ ಕಾನೂನಿನ ಮೂಲಕ ಬರಬೇಕು. ಒಂದು ಇಲಾಖೆ ಸುಮ್ನೆ ಆದೇಶ ಹೊರಡಿಸಿ ಹಕ್ಕನ್ನು ಕತ್ತರಿಸಲು ಆಗುವುದಿಲ್ಲ.

ಸರ್ಕಾರದ ವಾದದಲ್ಲೂ ತಿರುಳಿದೆ. ಸಾರ್ವಜನಿಕ ಆಸ್ತಿಯನ್ನು ನೋಡಿಕೊಳ್ಳುವುದು ಅದರ ಕೆಲಸ. ಶಾಲೆಯ ಮೈದಾನ ಮಕ್ಕಳಿಗೆ ಸೇರಿದ್ದು. ಯಾರು ಬೇಕಾದರೂ ಯಾವಾಗ ಬೇಕಾದರೂ ಬಂದು ಬಳಸಲಿ ಎಂದು ಬಿಟ್ಟರೆ ಬಲವಿದ್ದ ಸಂಘಟನೆಗಳಿಗೆ ಮಾತ್ರ ಜಾಗ ಸಿಗುತ್ತದೆ. ಇದು ಉಡಾಫೆಯಿಂದ ತಳ್ಳಿಹಾಕುವ ಮಾತಲ್ಲ.

ವಿಶ್ವವಿದ್ಯಾಲಯಕ್ಕೆ ಇದು ಹೇಗೆ ತಗಲುತ್ತದೆ? ವಿವಿ ಅನ್ನುವುದು ಸರ್ಕಾರದ ಒಂದು ಕಚೇರಿಯಲ್ಲ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ 2000ರ ಅಡಿಯಲ್ಲಿ ಅದಕ್ಕೆ ತನ್ನದೇ ಸಿಂಡಿಕೇಟ್ (ಆಡಳಿತ ಮಂಡಳಿ) ಇದೆ, ಕುಲಪತಿ ಇದ್ದಾರೆ, ತನ್ನದೇ ಆಸ್ತಿ ಇದೆ. ಆದರೂ ಸಂಬಳದ ದುಡ್ಡು ಬೆಂಗಳೂರಿನಿಂದ ಬರಬೇಕು. ಹಾಗಾಗಿ ವಿಧಾನಸೌಧದಿಂದ ಒಂದು ಆದೇಶ ಹೊರಟರೆ, ಅದು ನೇರವಾಗಿ ತನಗೆ ಅನ್ವಯಿಸಲಿ ಬಿಡಲಿ, ಕುಲಸಚಿವರ ಕಚೇರಿ ಎಚ್ಚರಗೊಳ್ಳುತ್ತದೆ. 'ಎಲ್ಲದಕ್ಕೂ ಒಂದು ಅನುಮತಿ ಪತ್ರ ಇರಲಿ' ಎಂಬ ಮಾತು ಬರುತ್ತದೆ.

ಊರಿಗೆ ಬಾಗಿಲು ತೆರೆದ ಕಾಲ

ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳಲ್ಲದವರಿಗೂ ಉಪನ್ಯಾಸ ಕೊಡಬೇಕು ಎಂಬ ಯೋಚನೆ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್ 1873ರಲ್ಲಿ ಊರೂರಿಗೆ ಹೋಗಿ ಪಾಠ ಹೇಳುವ ಕೆಲಸ ಶುರು ಮಾಡಿತು. ಓದಲು ಕಾಲೇಜಿಗೆ ಬರಲಾಗದ ಹೆಂಗಸರು ಮತ್ತು ಕಾರ್ಮಿಕರು ಅದರ ಕೇಳುಗರು.

ಕನ್ನಡದಲ್ಲಿ ಇದು ತನ್ನದೇ ದಾರಿ ಹಿಡಿಯಿತು. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯ ಪ್ರಚಾರೋಪನ್ಯಾಸಗಳನ್ನು ನಡೆಸಿತು. ಅಧ್ಯಾಪಕರು ಊರುಗಳಿಗೆ ಹೋಗಿ ಜನರ ಮುಂದೆ ಕನ್ನಡದಲ್ಲಿ ಮಾತಾಡುವುದು, ಆಮೇಲೆ ಆ ಮಾತನ್ನೇ ಚಿಕ್ಕ ಪುಸ್ತಕ ಮಾಡಿ ಕಡಿಮೆ ಬೆಲೆಗೆ ಹಂಚುವುದು. ಈ ಕೆಲಸ ನೋಡಿಕೊಂಡ ವಿಭಾಗವೇ ಪ್ರಸಾರಾಂಗ. ಈ ಹೆಸರು ಆಮೇಲೆ ಧಾರವಾಡಕ್ಕೂ, ಬೆಂಗಳೂರಿಗೂ, ಹಂಪಿಗೂ ಹೋಯಿತು. 1956ರಿಂದ 1960ರವರೆಗೆ ಕುವೆಂಪು ಮೈಸೂರು ವಿವಿಯ ಕುಲಪತಿಯಾಗಿದ್ದರು. ಉನ್ನತ ಶಿಕ್ಷಣ ಕನ್ನಡದಲ್ಲೂ ಸಾಧ್ಯ ಎಂಬ ಅವರ ಛಲ ಈ ಕೆಲಸಕ್ಕೆ ಇನ್ನಷ್ಟು ಬಲ ಕೊಟ್ಟಿತು.

ಇದು ಬರೀ ಹಳೆಯ ನೆನಪಲ್ಲ. 1977ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತನ್ನ ನೀತಿಯಲ್ಲಿ ಪಾಠ ಮತ್ತು ಸಂಶೋಧನೆಯ ಜೊತೆಗೆ ವಿಸ್ತರಣೆಯೂ ವಿವಿಯ ಮೂರನೇ ಕೆಲಸ, ಅದಕ್ಕೂ ಅಷ್ಟೇ ಸ್ಥಾನ ಇದೆ ಎಂದು ಹೇಳಿತು. ವಿಸ್ತರಣೆ ಅಂದರೆ ಗೋಡೆಯಾಚೆ ಇರುವ ಜನರನ್ನು ತಲುಪುವುದು. ಅಂದರೆ ಸಾರ್ವಜನಿಕ ಉಪನ್ಯಾಸ ವಿವಿ ಜನರಿಗೆ ಮಾಡುವ ಉಪಕಾರ ಅಲ್ಲ. ಅದು ವಿವಿಯ ಹೊಣೆ. ತೆರಿಗೆ ಕಟ್ಟುವವರಿಗೆ ಅದನ್ನು ಕೇಳುವ ಹಕ್ಕಿದೆ. ಈ ಅಂಶ ಮರೆತರೆ ಮುಂದಿನ ಚರ್ಚೆಯೆಲ್ಲ ದಾರಿ ತಪ್ಪುತ್ತದೆ.

ಸಭೆ ಯಾರದು?

ಒಂದು ವಿವಿಯ ಸಭಾಂಗಣದಲ್ಲಿ ನಡೆಯುವ ಕಾರ್ಯಕ್ರಮಗಳನ್ನು ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ. ಬ್ಯಾನರು, ದೀಪ, ಹಾರ, ಮೈಕು. ಆದರೆ ಅದನ್ನು ಯಾರು ನಡೆಸುತ್ತಾರೆ ಎಂಬುದರ ಮೇಲೆ ಅದರ ಸ್ವಭಾವವೇ ಬದಲಾಗುತ್ತದೆ.

ಒಂದು ವಿಭಾಗ ಅಥವಾ ಅಧ್ಯಯನ ಪೀಠ ತಾನೇ ಕರೆದ ಉಪನ್ಯಾಸ ಪಾಠದ್ದೇ ಮುಂದುವರಿಕೆ. ತರಗತಿಯಲ್ಲಿ ಏನು ಹೇಳಬೇಕು ಎಂದು ಅಧ್ಯಾಪಕರು ಕುಲಸಚಿವರನ್ನು ಕೇಳುವುದಿಲ್ಲ. ಅದೇ ರೀತಿ ಯಾರನ್ನು ಕರೆಸಬೇಕು ಎಂಬುದು ವಿಭಾಗದ ವಿದ್ವತ್ತಿಗೆ ಬಿಟ್ಟ ವಿಷಯ. ದೆಹಲಿಯಲ್ಲಿ ರದ್ದಾದದ್ದು ಈ ಥರದ ಸಭೆ. ಅದಕ್ಕೇ ಅದು ಅಷ್ಟು ದೊಡ್ಡ ಸುದ್ದಿಯಾಯಿತು.

ವಿದ್ಯಾರ್ಥಿಗಳು ತಾವೇ ಸೇರಿ ಮಾಡುವ ಚರ್ಚೆ, ನಾಟಕ, ಸಿನಿಮಾ ಪ್ರದರ್ಶನ ಬೇರೆ ಬಗೆಯದು. ಇಲ್ಲಿ ವಿವಿ ಆತಿಥೇಯ ಅಲ್ಲ, ಮನೆಯ ಯಜಮಾನ. ಜಾಗ ಕೊಡುತ್ತದೆ. ಅಲ್ಲಿ ಆಡಿದ ಮಾತು ವಿವಿಯ ಮಾತಾಗುವುದಿಲ್ಲ.

ಹೊರಗಿನವರು ಬಾಡಿಗೆ ಕೊಟ್ಟು ಹಾಲ್ ಪಡೆದು ಮಾಡುವ ಕಾರ್ಯಕ್ರಮ ಇನ್ನೂ ಬೇರೆ. ಪುಸ್ತಕ ಬಿಡುಗಡೆ, ಸಮ್ಮೇಳನ, ಸಂಘಟನೆಯೊಂದರ ಸಮಾವೇಶ. ಇಲ್ಲಿ ವಿವಿ ಬರೀ ಕಟ್ಟಡದ ಮಾಲೀಕ. ರಾಜ್ಯದ ಆದೇಶ ಕಣ್ಣಿಟ್ಟಿದ್ದು ಇಂಥ ಸಭೆಗಳ ಮೇಲೆ.

ಮೂರಕ್ಕೂ ಮೂರು ಬೇರೆ ನಿಯಮ ಇರಬೇಕಾದದ್ದು ನ್ಯಾಯ ಅಲ್ವಾ? ಕಷ್ಟ ಎಂದರೆ ಬಹಳಷ್ಟು ಕಡೆ ಒಂದೇ ಅರ್ಜಿ ನಮೂನೆ, ಒಂದೇ ಮೇಜು, ಒಂದೇ ಸಹಿ. ಬಾಡಿಗೆದಾರರಿಗೆಂದು ಮಾಡಿದ ಎಚ್ಚರಿಕೆಯ ನಿಯಮ ವಿಭಾಗದ ಉಪನ್ಯಾಸಕ್ಕೂ ಅಂಟಿಕೊಳ್ಳುತ್ತದೆ.

ಒಂದೇ ಅರ್ಜಿಯಲ್ಲಿ ಎರಡು ಪ್ರಶ್ನೆ

ಅನುಮತಿ ಎಂಬ ಒಂದೇ ಪದದ ಒಳಗೆ ಎರಡು ಬೇರೆ ವಿಷಯಗಳಿವೆ. ಒಂದು ಜಾಗದ ಅನುಮತಿ. ಹಾಲ್ ಖಾಲಿ ಇದೆಯೇ? ಎಷ್ಟು ಕುರ್ಚಿ? ಎಷ್ಟು ಜನ ಬರಬಹುದು? ಹೊರಗೆ ಹೋಗುವ ಬಾಗಿಲು ಎಷ್ಟು? ವಾಹನ ಎಲ್ಲಿ ನಿಲ್ಲಬೇಕು? ರಾತ್ರಿ ಎಷ್ಟು ಹೊತ್ತಿನ ತನಕ ಮೈಕು? ಇನ್ನೊಂದು ಮಾತಿನ ಅನುಮತಿ. ಯಾರು ಮಾತಾಡುತ್ತಾರೆ? ಯಾವ ವಿಷಯ? ಅವರ ನಿಲುವು ಏನು?

ಮೊದಲ ಬಗೆಯ ಪ್ರಶ್ನೆಗಳು ಬೇಕೇ ಬೇಕು. 2023ರ ನವೆಂಬರ್ 25ರಂದು ಕೊಚ್ಚಿ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ತಾಂತ್ರಿಕ ಉತ್ಸವ ನಡೆದಿತ್ತು. ಬಯಲು ರಂಗಮಂದಿರದಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಮುಂಚೆ ಕಾಲ್ತುಳಿತವಾಗಿ 4 ಜನ ಸತ್ತರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಪ್ರಾಣ ಕಳೆದುಕೊಂಡರು. ಅದಾದ ಮೇಲೆ ಜನಸಂದಣಿ ನಿಯಂತ್ರಣಕ್ಕೆ ರಾಜ್ಯದಲ್ಲಿ ಒಂದು ಮಸೂದೆಯೂ ಬಂತು. ಜನ ಸೇರುವ ಕಡೆ ಬಾಗಿಲು, ಮೆಟ್ಟಿಲು, ಆಂಬುಲೆನ್ಸ್ ಲೆಕ್ಕ ಹಾಕುವುದನ್ನು ಯಾರೂ ಬೇಡ ಅನ್ನಲಾರರು. ಇಂಥ ಲೆಕ್ಕ ಭಾಷಣಕಾರರ ಹೆಸರು ನೋಡುವುದಿಲ್ಲ. ಎಲ್ಲರಿಗೂ ಒಂದೇ.

ಎರಡನೇ ಬಗೆಯ ಪ್ರಶ್ನೆ ಹಾಗಲ್ಲ. ಅದು ಹೆಸರು ನೋಡಿಯೇ ತೀರ್ಮಾನ ಮಾಡುತ್ತದೆ. 2021ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಅಂತರರಾಷ್ಟ್ರೀಯ ಆನ್‌ಲೈನ್ ಸಮ್ಮೇಳನಗಳಿಗೆ ಮೊದಲೇ ಒಪ್ಪಿಗೆ ಪಡೆಯಬೇಕು ಎಂದಿತ್ತು. ದೇಶದ ಭದ್ರತೆ, ಗಡಿ, ಈಶಾನ್ಯ, ಜಮ್ಮು ಕಾಶ್ಮೀರ, ಲಡಾಖ್ ಮಾತ್ರವಲ್ಲ, ಭಾರತದ 'ಆಂತರಿಕ ವಿಚಾರ'ಗಳನ್ನೂ ಮುಟ್ಟುವಂತಿರಲಿಲ್ಲ. ಆಂತರಿಕ ವಿಚಾರ ಅಂದರೆ ಯಾವುದು? ಬರ, ಕಾವೇರಿ, ಡೆಂಗಿ, ಎಲ್ಲವೂ ಆಂತರಿಕವೇ. ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯೂ ಆಕ್ಷೇಪ ಎತ್ತಿತು. ಫೆಬ್ರುವರಿಯಲ್ಲಿ ಆ ನಿಯಮ ಹಿಂದಕ್ಕೆ ಹೋಯಿತು.

ಎರಡೂ ಪ್ರಶ್ನೆಗಳು ಬೆರೆತಾಗ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 2023ರ ಘಟನೆಗಳನ್ನು ನೋಡಬಹುದು. ಜೂನ್ ಕೊನೆಯಲ್ಲಿ ಅಲ್ಲಿ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ), ಜೈಲು ಮತ್ತು ನ್ಯಾಯ ವ್ಯವಸ್ಥೆ ಕುರಿತು ವಿದ್ಯಾರ್ಥಿಗಳು ಒಂದು ಚರ್ಚೆ ಏರ್ಪಡಿಸಿದ್ದರು. ಆ ಕಾಯ್ದೆಯಡಿ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಂದ ನತಾಶಾ ನರ್ವಾಲ್ ಮತ್ತು ದೇವಾಂಗನಾ ಕಲಿತಾ ಬರಬೇಕಿತ್ತು. ಕಾರ್ಯಕ್ರಮ ಕೊನೆಗಳಿಗೆಯಲ್ಲಿ ರದ್ದಾಯಿತು. 500ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಸಂಸ್ಥೆಯ ನಿರ್ದೇಶಕರಿಗೆ ಪತ್ರ ಬರೆದು ಬೇಸರ ಹೇಳಿಕೊಂಡರು. ಆಗಸ್ಟ್‌ನಲ್ಲಿ ಮಾನವ ಹಕ್ಕುಗಳ ಹೋರಾಟಗಾರ್ತಿ ತೀಸ್ತಾ ಸೆತಲ್ವಾಡ್ ಬಂದಾಗ ಹಾಲ್ ಸಿಗಲಿಲ್ಲ. ಸಭೆ ಆವರಣದಲ್ಲೇ ಹೊರಗಡೆ ನಡೆಯಿತು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಜನರ ಸುರಕ್ಷತೆಯೇ ಚಿಂತೆಯಾಗಿದ್ದರೆ ನಾಲ್ಕು ಗೋಡೆಯ ಹಾಲ್ ಬಯಲಿಗಿಂತ ಒಳ್ಳೆಯದು. ಹಾಲ್‌ನಲ್ಲಿ ಬೇಡ, ಹೊರಗೆ ಪರವಾಗಿಲ್ಲ ಎಂಬಂತಾದರೆ ಅಲ್ಲಿ ಕೆಲಸ ಮಾಡಿದ್ದು ಜಾಗದ ಲೆಕ್ಕವಲ್ಲ. ಸಂಸ್ಥೆಯ ಹೆಸರು ಆ ಮಾತಿಗೆ ಅಂಟಿಕೊಂಡೀತು ಎಂಬ ಹಿಂಜರಿಕೆ.

ಆಡಳಿತದವರ ಕಷ್ಟ

ಕುಲಪತಿಗಳನ್ನೂ ಕುಲಸಚಿವರನ್ನೂ ಸುಮ್ಮನೆ ದೂರುವುದು ಸುಲಭ. ಅವರ ಜಾಗದಲ್ಲಿ ನಿಂತೂ ನೋಡಬೇಕು. ಒಂದು ಉಪನ್ಯಾಸಕ್ಕೆ ಒಪ್ಪಿಗೆ ಕೊಟ್ಟರೆ ಒಂದು ಗುಂಪು ಗೇಟಿನ ಮುಂದೆ ಧರಣಿ ಕೂರುತ್ತದೆ. ಕೊಡದಿದ್ದರೆ ಇನ್ನೊಂದು ಗುಂಪು. ಸಭೆಯ ಒಂದು ನಿಮಿಷದ ತುಣುಕು ಮೊಬೈಲಿನಲ್ಲಿ ಊರೆಲ್ಲ ಓಡಾಡುತ್ತದೆ. ಮರುದಿನ ಸಚಿವರ ಕಚೇರಿಯಿಂದ, ಶಾಸಕರಿಂದ, ಪೊಲೀಸ್ ಠಾಣೆಯಿಂದ ಫೋನು. ಹೊಣೆ ಹೊತ್ತು ಸಹಿ ಮಾಡಿದವರಿಗೆ ರಕ್ಷಣೆ ಕೊಡುವ ನಿಯಮ ಯಾವುದೂ ಇಲ್ಲ. ಸಹಿ ಮಾಡದೆ ಕಡತ ಇಟ್ಟುಕೊಂಡವರನ್ನು ಯಾರೂ ಪ್ರಶ್ನಿಸುವುದಿಲ್ಲ.

ಕೊನೆಗಳಿಗೆಯಲ್ಲಿ ರದ್ದಾಗುವುದಕ್ಕೂ ಇದೇ ಕಾರಣ. ಅರ್ಜಿಗೆ ಇಷ್ಟೇ ದಿನದಲ್ಲಿ ಉತ್ತರ ಕೊಡಬೇಕು ಎಂಬ ಗಡುವು ಇಲ್ಲದಿದ್ದರೆ ಕಡತ ಮೇಜಿನ ಮೇಲೆ ಕೂರುತ್ತದೆ. ಆಹ್ವಾನ ಪತ್ರಿಕೆ ಅಚ್ಚಾಗಿ, ಪೋಸ್ಟರ್ ಓಡಾಡಿ, ಯಾರೋ ಆಕ್ಷೇಪ ಎತ್ತಿದ ಮೇಲೆ ಕಡತ ನೆನಪಾಗುತ್ತದೆ. ಆಗ 'ಪೂರ್ವಾನುಮತಿ ಇಲ್ಲ' ಎಂಬ ಷರಾ ಬರೆಯುವುದು ಎಲ್ಲಕ್ಕಿಂತ ಸುಲಭದ ದಾರಿ. ವಿಷಯ ಇಷ್ಟವಿಲ್ಲ ಎಂದು ಬರೆದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ವಿಧಾನ ಪಾಲಿಸಿಲ್ಲ ಎಂದರೆ ನಿಲ್ಲುತ್ತದೆ. ಹೀಗೆ ಮಾತಿನ ತೀರ್ಮಾನ ಜಾಗದ ನಿಯಮದ ವೇಷ ಹಾಕಿಕೊಂಡು ಬರುತ್ತದೆ.

ದತ್ತಿ ಹಣ ಕರಗಿದ್ದು ಹೇಗೆ

ಈ ಚರ್ಚೆಯಲ್ಲಿ ಜಾಸ್ತಿ ಯಾರೂ ಎತ್ತದ ಒಂದು ಅಂಶ ದುಡ್ಡು. ನಮ್ಮ ವಿವಿಗಳಲ್ಲಿ ಸಾರ್ವಜನಿಕ ಉಪನ್ಯಾಸ ಬಹುಪಾಲು ಉಳಿದುಕೊಂಡಿರುವುದು ದತ್ತಿಗಳಿಂದ. ಯಾರೋ ತಂದೆ ತಾಯಿಯ ನೆನಪಿಗೆ, ತಮ್ಮ ಗುರುಗಳ ಹೆಸರಿಗೆ ಒಂದಿಷ್ಟು ಹಣ ಕೊಡುತ್ತಾರೆ. ವಿವಿ ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಡುತ್ತದೆ. ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ. ಮೂಲಧನ ಮುಟ್ಟುವ ಹಾಗಿಲ್ಲ. ಇದು ತುಂಬಾ ಚೆಂದದ ಏರ್ಪಾಡು. ಉಪನ್ಯಾಸಕ್ಕೆ ಸರ್ಕಾರದ ಕೈಯನ್ನೂ ಕಾಯಬೇಕಿಲ್ಲ, ಪ್ರಾಯೋಜಕರ ಮರ್ಜಿಯನ್ನೂ ಹಿಡಿಯಬೇಕಿಲ್ಲ.

ಆದರೆ ಬೆಲೆ ಏರಿಕೆ ಅದನ್ನು ಒಳಗಿಂದ ತಿಂದುಹಾಕಿತು. ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ನಲವತ್ತು ವರ್ಷದ ಹಿಂದೆ ಒಬ್ಬರು 10,000 ರೂಪಾಯಿ ದತ್ತಿ ಇಟ್ಟರು ಅಂದುಕೊಳ್ಳಿ. ಶೇ. 10ರ ಬಡ್ಡಿಯಲ್ಲಿ ವರ್ಷಕ್ಕೆ 1,000 ರೂಪಾಯಿ. ಆ ಕಾಲದಲ್ಲಿ ಅದರಲ್ಲಿ ಅತಿಥಿಯ ರೈಲು ಟಿಕೆಟ್, ಊಟ, ಸಂಭಾವನೆ, ಆಹ್ವಾನ ಪತ್ರಿಕೆ ಎಲ್ಲ ಮುಗಿದು ಸ್ವಲ್ಪ ಉಳಿಯುತ್ತಿತ್ತು. ಇವತ್ತು ಅದೇ ಠೇವಣಿಗೆ ಶೇ. 7 ಬಡ್ಡಿ ಅಂದರೆ 700 ರೂಪಾಯಿ. ಬಂದವರಿಗೆ ಕಾಫಿ ತಿಂಡಿ ಕೊಡಲೂ ಸಾಲುವುದಿಲ್ಲ. ಹಾಗಾಗಿ ಮೂರು ನಾಲ್ಕು ದತ್ತಿಗಳನ್ನು ಒಟ್ಟು ಸೇರಿಸಿ ಒಂದೇ ದಿನ ಮುಗಿಸುವುದು, ಸ್ಥಳೀಯರನ್ನೇ ಕರೆಯುವುದು, ಎರಡು ವರ್ಷ ಬಿಟ್ಟು ಮಾಡುವುದು, ಇಂಥ ದಾರಿಗಳನ್ನು ಹುಡುಕಬೇಕಾಗುತ್ತದೆ.

ಇದರ ಪರಿಣಾಮ ಅನುಮತಿಯ ಪ್ರಶ್ನೆಗೆ ಬಂದು ಸೇರುತ್ತದೆ. ವಿಭಾಗದ ಬಳಿ ದುಡ್ಡಿಲ್ಲ. ಆಗ ಹೊರಗಿನ ಒಂದು ಸಂಘ, ಟ್ರಸ್ಟು, ಅಕಾಡೆಮಿ ಅಥವಾ ಕಂಪನಿ ಮುಂದೆ ಬಂದು ಖರ್ಚು ನಾವು ನೋಡಿಕೊಳ್ಳುತ್ತೇವೆ ಅನ್ನುತ್ತದೆ. ಆಹ್ವಾನ ಪತ್ರಿಕೆಯಲ್ಲಿ 'ಸಹಯೋಗ' ಎಂದು ಅಚ್ಚಾಗುತ್ತದೆ. ಈ ಸಹಯೋಗ ಎಂಬ ಪದ ಬಂದ ಕ್ಷಣ ಸಭೆ ಯಾರದು ಎಂಬುದು ಮಸುಕಾಗುತ್ತದೆ. ವಿಭಾಗದ್ದೋ, ಹೊರಗಿನವರದ್ದೋ? ವಿಭಾಗದ್ದಾದರೆ ವಿದ್ವತ್ತಿನ ಸ್ವಾತಂತ್ರ್ಯ. ಹೊರಗಿನವರದ್ದಾದರೆ ಖಾಸಗಿ ಸಂಸ್ಥೆಗೆ ಅನ್ವಯವಾಗುವ ಅನುಮತಿ. ಇನ್ನೊಂದು ಕಡೆ ವಿವಿಗಳು ಆದಾಯಕ್ಕಾಗಿ ಸಭಾಂಗಣಗಳನ್ನು ಬಾಡಿಗೆಗೆ ಬಿಡುತ್ತವೆ. ಆಗ ತನ್ನದೇ ವಿಭಾಗ ಕೂಡ ಬಾಡಿಗೆದಾರರ ಸಾಲಿನಲ್ಲಿ ನಿಂತು ದಿನಾಂಕ ಕೇಳಬೇಕಾಗುತ್ತದೆ.

ದುಡ್ಡು ಕಡಿಮೆಯಾದಷ್ಟೂ ಸ್ವಾತಂತ್ರ್ಯ ಕಡಿಮೆಯಾಗುತ್ತದೆ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಅನುದಾನ ಕಡಿತವಾದಾಗ, 2020ರ ಕೊನೆಯಲ್ಲಿ, ಕನ್ನಡದ ಲೇಖಕರು, ವಿದ್ಯಾರ್ಥಿಗಳು ದೊಡ್ಡ ಮಟ್ಟದಲ್ಲಿ ದನಿ ಎತ್ತಿದ್ದರು. ಸಂಬಳ, ಫೆಲೋಶಿಪ್, ಕರೆಂಟು ಬಿಲ್ಲಿಗೇ ಪರದಾಡುವ ಕಡೆ ಉಪನ್ಯಾಸದ ಖರ್ಚು ಪಟ್ಟಿಯ ತೀರಾ ಕೆಳಗೆ ಹೋಗುತ್ತದೆ.

ನಾಟಕ, ಸಿನಿಮಾ, ಸಂಗೀತ

ಕಲೆಯ ಕಾರ್ಯಕ್ರಮಗಳಿಗೆ ಇನ್ನೊಂದು ತೊಡಕಿದೆ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ಕೊಡುತ್ತದೆ. ಆದರೆ ಸಿನಿಮಾ ತೋರಿಸುವಾಗ, ಧ್ವನಿಮುದ್ರಣ ಕೇಳಿಸುವಾಗ ಪ್ರೇಕ್ಷಕರು ಆ ಸಂಸ್ಥೆಯ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು, ಸಂಸ್ಥೆಯ ಕೆಲಸದೊಂದಿಗೆ ನಂಟಿರುವವರು ಮಾತ್ರ ಆಗಿರಬೇಕು. ಊರಿನವರನ್ನು ಕರೆದರೆ ಈ ವಿನಾಯಿತಿ ಕೈತಪ್ಪುತ್ತದೆ. ಹಕ್ಕುದಾರರ ಒಪ್ಪಿಗೆ ಬೇಕು.

ಇದರ ಅರ್ಥ ನೋಡಿ. ವಿಸ್ತರಣೆ ನಿನ್ನ ಕೆಲಸ ಎಂದು ಯುಜಿಸಿ ಹೇಳುತ್ತದೆ. ಬಾಗಿಲು ತೆರೆದರೆ ಕಾನೂನಿನ ರಕ್ಷಣೆ ಕಡಿಮೆಯಾಗುತ್ತದೆ. ನಾಟಕಕ್ಕೆ ಸ್ವಲ್ಪ ದಾರಿ ಇದೆ. ಅದೇ ಸೆಕ್ಷನ್‌ನಲ್ಲಿ ಹವ್ಯಾಸಿ ತಂಡಗಳು ಟಿಕೆಟ್ ಇಲ್ಲದೆ ಆಡುವ ಪ್ರದರ್ಶನಕ್ಕೆ ಬೇರೆ ವಿನಾಯಿತಿ ಇದೆ. ಕನ್ನಡದ ಹವ್ಯಾಸಿ ರಂಗಭೂಮಿ ಕಾಲೇಜು ಅಂಗಳಗಳಲ್ಲಿ ಬೆಳೆಯಲು ಇಂಥ ಸಡಿಲಿಕೆಗಳು ನೆರವಾಗುತ್ತವೆ. ಶಾಸ್ತ್ರೀಯ ಸಂಗೀತಕ್ಕೆ ಸ್ಪಿಕ್‌ಮೆಕೆ ಮಾದರಿ ಇದೆ. 1977ರಲ್ಲಿ ದೆಹಲಿ ಐಐಟಿಯ ಕಿರಣ್ ಸೇಠ್ ಶುರು ಮಾಡಿದ ಇದು ದೊಡ್ಡ ಕಲಾವಿದರನ್ನು ಕ್ಯಾಂಪಸ್‌ಗಳಿಗೇ ಕರೆತಂದಿತು. ಹಾಗಾಗಿ ಕಲೆಯ ಕಾರ್ಯಕ್ರಮ ನಡೆಸುವವರು ಭಾಷಣದ ವಿವಾದಕ್ಕಿಂತ ಜಾಸ್ತಿ ಪರವಾನಗಿ, ವಿಮೆ, ಜನಸಂದಣಿ ಇವುಗಳ ಬಗ್ಗೆ ಯೋಚಿಸಬೇಕಾಗುತ್ತದೆ. ಇವೆಲ್ಲ ಜಾಗದ ಪ್ರಶ್ನೆಗಳು.

ಬರೆಯದೇ ಉಳಿದ ಅರ್ಜಿಗಳು

ರದ್ದಾದ ಉಪನ್ಯಾಸ ಪತ್ರಿಕೆಯಲ್ಲಿ ಬರುತ್ತದೆ. ಕರೆಯದೇ ಬಿಟ್ಟ ಉಪನ್ಯಾಸ ಎಲ್ಲೂ ಬರುವುದಿಲ್ಲ. ಈ ವಿಷಯದಲ್ಲಿ ಅತಿ ದೊಡ್ಡ ನಷ್ಟ ಇಲ್ಲೇ ಇದೆ.

ಒಂದು ವಿಭಾಗದ ಒಳಗೆ ಏನು ನಡೆಯುತ್ತದೆ ಎಂದು ಯೋಚಿಸಿ. ರಾಜ್ಯದ ವಿವಿಗಳಲ್ಲಿ ಬೋಧಕ ಹುದ್ದೆಗಳ ದೊಡ್ಡ ಪಾಲು ಖಾಲಿ ಬಿದ್ದಿವೆ. ಪಾಠದ ಭಾರ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಅವರ ನೇಮಕ ಆಯಾ ಶೈಕ್ಷಣಿಕ ವರ್ಷಕ್ಕೆ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ಆತಂಕ ಅವರಿಗೆ ಸದಾ ಇರುತ್ತದೆ. ಅಂಥವರೊಬ್ಬರು ಮೀಸಲಾತಿ, ನೀರಾವರಿ, ಗಣಿ, ಧರ್ಮ ಇಂಥ ವಿಷಯದ ಮೇಲೆ ಒಂದು ಸಾರ್ವಜನಿಕ ಸಂವಾದ ಮಾಡೋಣ ಎಂದು ಟಿಪ್ಪಣಿ ಬರೆಯುವ ಧೈರ್ಯ ಮಾಡುತ್ತಾರೆಯೇ? ಕಷ್ಟ. ಅರ್ಜಿಯಲ್ಲಿ ಭಾಷಣಕಾರರ ಹೆಸರು, ವಿಷಯದ ಸಾರಾಂಶ ಕೇಳಿದ್ದಾರೆ ಎಂದರೆ ಯಾರೂ ಬೇಡ ಎನ್ನುವ ಮೊದಲೇ ಅವರು ಸುರಕ್ಷಿತ ವಿಷಯ ಆರಿಸಿಕೊಳ್ಳುತ್ತಾರೆ. ಇದರಲ್ಲಿ ಅವರ ತಪ್ಪಿಲ್ಲ.

ಇದರ ಜೊತೆಗೆ ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನ ಇದೆ. ಅದರ ಮೂರನೇ ಮಾನದಂಡದಲ್ಲಿ ಸಂಶೋಧನೆಯ ಜೊತೆ ವಿಸ್ತರಣೆಯೂ ಸೇರಿದೆ. ಒಳ್ಳೆಯದೇ. ಆದರೆ ಅದನ್ನು ತೋರಿಸುವ ಬಗೆ ಕಾರ್ಯಕ್ರಮಗಳ ಸಂಖ್ಯೆ, ಹಾಜರಾತಿ ಪಟ್ಟಿ, ಜಿಯೋಟ್ಯಾಗ್ ಇರುವ ಫೋಟೋ. ಸಂಖ್ಯೆ ಬೇಕು, ವಿವಾದ ಬೇಡ ಎಂದಾಗ ಎಂಥ ಕಾರ್ಯಕ್ರಮಗಳು ಹೆಚ್ಚಾಗುತ್ತವೆ ಎಂದು ಊಹಿಸುವುದು ಕಷ್ಟವಲ್ಲ. ವ್ಯಕ್ತಿತ್ವ ವಿಕಸನ, ಒತ್ತಡ ನಿವಾರಣೆ, ದಿನಾಚರಣೆಗಳು. ಅವು ಬೇಡವೆಂದಲ್ಲ. ಆದರೆ ತಮ್ಮ ಜಿಲ್ಲೆಯ ಕೆರೆ ಯಾಕೆ ಒಣಗಿತು ಎಂದು ಕೇಳಲು ಬರುವ ರೈತರಿಗೆ ಅಲ್ಲಿ ಜಾಗ ಇರುವುದಿಲ್ಲ.

ದೊಡ್ಡ ನಗರದಲ್ಲಿ ಇದರ ಪೆಟ್ಟು ಅಷ್ಟು ಗೊತ್ತಾಗುವುದಿಲ್ಲ. ಬೆಂಗಳೂರಿನಲ್ಲಿ ವಿಜ್ಞಾನ ಕೇಳಬೇಕೆಂದರೆ ಸಂಶೋಧನಾ ಸಂಸ್ಥೆಯಾದ ಐಸಿಟಿಎಸ್‌ನವರು ತಾರಾಲಯದಂಥ ಕಡೆ ನಡೆಸುವ ಉಪನ್ಯಾಸ ಸರಣಿ ಇದೆ, ವಿಜ್ಞಾನ ಸಂಸ್ಥೆಯಲ್ಲಿ ವರ್ಷಕ್ಕೊಮ್ಮೆ ತೆರೆದ ದಿನ ಇದೆ. ಧಾರವಾಡದಲ್ಲಿ 1890ರಿಂದ ವಿದ್ಯಾವರ್ಧಕ ಸಂಘ ಇದೆ. ಕೊಪ್ಪಳ, ಹಾವೇರಿ, ಚಾಮರಾಜನಗರದಂಥ ಜಿಲ್ಲೆಗಳಲ್ಲಿ ಕಾಲೇಜು, ವಿವಿ ಅಂಗಳ ಬಿಟ್ಟರೆ ಇಂಥ ವೇದಿಕೆಗಳು ಕಡಿಮೆ. 2025ರ ಆರಂಭದಲ್ಲಿ ಹೊಸ ವಿವಿಗಳನ್ನು ಮುಚ್ಚುವ ಮಾತು ಬಂದಾಗ ಚರ್ಚೆಯೆಲ್ಲ ಕೋಟಿ ಲೆಕ್ಕದಲ್ಲಿ ಮುಗಿಯಿತು. ಆ ಊರುಗಳ ಸಂಜೆಯ ಸಭೆಗಳ ಲೆಕ್ಕ ಯಾರೂ ಹಾಕಲಿಲ್ಲ.

ಬ್ರಿಟನ್ನಿನ ದಾರಿ

ಬ್ರಿಟನ್ನಿನಲ್ಲೂ ಇದೇ ಜಗಳ ಬಹಳ ವರ್ಷ ನಡೆಯಿತು. ಅಲ್ಲಿ ಇಂಗ್ಲೆಂಡಿನ ವಿವಿಗಳಿಗೆ ಕಾನೂನು ಮಾಡಿದರು. 2023ರಲ್ಲಿ ಉನ್ನತ ಶಿಕ್ಷಣ ವಾಕ್ ಸ್ವಾತಂತ್ರ್ಯ ಕಾಯ್ದೆ ಬಂತು, ಅದರ ಮುಖ್ಯ ಭಾಗಗಳು 2025ರ ಆಗಸ್ಟ್ 1ರಿಂದ ಜಾರಿಯಾದವು. ಕಾನೂನಿನ ಮಿತಿಯೊಳಗಿನ ಮಾತಿಗೆ ಜಾಗ ಸಿಗುವಂತೆ ನೋಡಿಕೊಳ್ಳುವುದು ಅಲ್ಲಿ ವಿವಿಯ ಕರ್ತವ್ಯ. ಭದ್ರತೆಯ ಖರ್ಚನ್ನು ಸಭೆ ನಡೆಸುವವರ ತಲೆಗೆ ಕಟ್ಟುವಂತಿಲ್ಲ, ತೀರಾ ಅಪರೂಪದ ಸಂದರ್ಭ ಬಿಟ್ಟು. 2025ರ ಮಾರ್ಚ್‌ನಲ್ಲಿ, ಆಗ ಇದ್ದ ನಿಯಮಗಳ ಅಡಿಯಲ್ಲೇ, ವಾಕ್ ಸ್ವಾತಂತ್ರ್ಯ ಕಾಪಾಡಲಿಲ್ಲ ಎಂದು ಸಸೆಕ್ಸ್ ವಿಶ್ವವಿದ್ಯಾಲಯಕ್ಕೆ ಅಲ್ಲಿನ ನಿಯಂತ್ರಕರು 5,85,000 ಪೌಂಡ್ ದಂಡ ಹಾಕಿದ್ದರು.

ಆ ಮಾದರಿಯನ್ನು ಹಾಗೇ ಎತ್ತಿ ತರಬೇಕಾಗಿಲ್ಲ. ದಂಡದ ಭಯವೂ ಸಂಸ್ಥೆಯನ್ನು ಕುಗ್ಗಿಸಬಲ್ಲದು. ಆದರೆ ಅಲ್ಲಿ ಪ್ರಶ್ನೆಯ ದಿಕ್ಕು ಬದಲಾಗಿದೆ. 'ಯಾಕೆ ಒಪ್ಪಿಗೆ ಕೊಟ್ಟಿರಿ' ಎಂಬ ಜಾಗದಲ್ಲಿ 'ಯಾಕೆ ಕೊಡಲಿಲ್ಲ' ಎಂದು ಕೇಳುತ್ತಾರೆ. ನಮ್ಮ ಕುಲಸಚಿವರ ಮೇಜಿನ ಮೇಲೆ ಇವತ್ತು ಮೊದಲನೇ ಪ್ರಶ್ನೆ ಮಾತ್ರ ಇದೆ.

ಮುಂದೆ ಏನಾಗಬಹುದು

ಕೋರ್ಟಿನ ತಡೆಯಿಂದ ರಾಜ್ಯದ ಆದೇಶದ ಕಥೆ ಮುಗಿಯುವುದಿಲ್ಲ. ಬರೀ ಆದೇಶ ಸಾಲದು ಎಂದಾದರೆ ಯಾವುದೇ ಸರ್ಕಾರ ಕಾನೂನು ಮಾಡಲು ನೋಡುತ್ತದೆ. ಹಾಗೆ ಒಂದು ಕಾನೂನು ಬಂದರೆ ವಿಶ್ವವಿದ್ಯಾಲಯಗಳನ್ನು ಅದರಲ್ಲಿ ಹೇಗೆ ಇಡುತ್ತಾರೆ ಎಂಬುದನ್ನು ಗಮನವಿಟ್ಟು ನೋಡಬೇಕು. 'ಸರ್ಕಾರಿ ಆಸ್ತಿ' ಎಂಬ ಒಂದೇ ಪದದ ಕೆಳಗೆ ಪಾರ್ಕು, ರಸ್ತೆ, ವಿವಿಯ ಸೆಮಿನಾರ್ ಹಾಲ್ ಎಲ್ಲ ಸೇರಿದರೆ ಇಂದಿನ ಗೊಂದಲಕ್ಕೆ ಕಾನೂನಿನ ಮುದ್ರೆ ಬೀಳುತ್ತದೆ. ಇಂದು ಒಂದು ಸಂಘಟನೆಯನ್ನು ತಡೆಯಲು ಮಾಡಿದ ನಿಯಮ ನಾಳೆ ಸರ್ಕಾರ ಬದಲಾದಾಗ ಇನ್ನೊಬ್ಬರನ್ನು ತಡೆಯುತ್ತದೆ.

ವಿವಿಗಳು ಕಾನೂನಿಗೆ ಕಾಯಬೇಕಾಗಿಲ್ಲ. ಸಿಂಡಿಕೇಟಿನ ಮಟ್ಟದಲ್ಲೇ ಆಗಬಹುದಾದ ಕೆಲಸಗಳಿವೆ. ವಿಭಾಗ ಕರೆದ ಉಪನ್ಯಾಸಕ್ಕೆ ವಿಭಾಗದ ಮುಖ್ಯಸ್ಥರ ಸಹಿ ಸಾಕು, ಕುಲಸಚಿವರಿಗೆ ಮಾಹಿತಿ ಮಾತ್ರ ಎಂದು ಬರೆದುಕೊಳ್ಳಬಹುದು. ವಿದ್ಯಾರ್ಥಿಗಳ ಸಭೆಗೆ ಜಾಗ, ಸಮಯ, ಜನರ ಸಂಖ್ಯೆ ಕೇಳಿದರೆ ಸಾಕು. ಬಾಡಿಗೆದಾರರಿಗೆ ಎಲ್ಲರಿಗೂ ಒಂದೇ ದರ, ಮೊದಲು ಬಂದವರಿಗೆ ಮೊದಲು, ಇಷ್ಟೇ ದಿನದಲ್ಲಿ ಉತ್ತರ, ಉತ್ತರ ಬರದಿದ್ದರೆ ಒಪ್ಪಿಗೆ ಎಂದೇ ಅರ್ಥ ಎಂಬ ನಿಯಮ. ಬೇಡ ಎನ್ನುವುದಾದರೆ ಕಾರಣ ಬರಹದಲ್ಲಿ. ಹಳೆಯ ಚಿಕ್ಕ ದತ್ತಿಗಳನ್ನು ಒಟ್ಟುಗೂಡಿಸಿ, ಕೊಟ್ಟವರ ಹೆಸರು ಉಳಿಸಿಕೊಂಡೇ, ಒಂದು ದೊಡ್ಡ ನಿಧಿ ಮಾಡಿದರೆ ವರ್ಷಕ್ಕೆ ನಾಲ್ಕು ಒಳ್ಳೆಯ ಉಪನ್ಯಾಸಗಳಿಗೆ ಪ್ರಾಯೋಜಕರ ಹಂಗು ತಪ್ಪುತ್ತದೆ.

ಇಷ್ಟಾದರೂ ಗಲಾಟೆ ಪೂರ್ತಿ ನಿಲ್ಲುವುದಿಲ್ಲ. ದ್ವೇಷ ಕಾರುವ ಮಾತು, ಹಿಂಸೆಗೆ ಪ್ರಚೋದನೆ ಕೊಡುವ ಮಾತು ಬಂದರೆ ಅದಕ್ಕೆ ದೇಶದ ಕಾನೂನು ಇದ್ದೇ ಇದೆ, ಪೊಲೀಸರು ನೋಡಿಕೊಳ್ಳಬೇಕು. ಅಂಥ ಮಾತು ಬಂದೀತು ಎಂಬ ಊಹೆಯ ಮೇಲೆ ಉಪನ್ಯಾಸವನ್ನೇ ನಿಲ್ಲಿಸುವುದು ಕುಲಸಚಿವರ ಕೆಲಸವಲ್ಲ. ಮುಂದಿನ ಬಾರಿ ಒಂದು ಕಾರ್ಯಕ್ರಮ ರದ್ದಾದ ಸುದ್ದಿ ಬಂದಾಗ ಓದುಗರು ಎರಡು ವಿಷಯ ಕೇಳಿ ನೋಡಬಹುದು. ಆ ಸಭೆ ಯಾರದ್ದಾಗಿತ್ತು? ರದ್ದು ಮಾಡಿದ ಪತ್ರದಲ್ಲಿ ಬರೆದ ಕಾರಣ ಕುರ್ಚಿ, ಬಾಗಿಲುಗಳ ಬಗ್ಗೆ ಇತ್ತೋ, ಭಾಷಣಕಾರರ ಬಗ್ಗೆ ಇತ್ತೋ?